ಹಳೇ ಜೀಪಿನ ಮೂರು ಲೈಟು, ಮೂರು ಕಾರಣ

ನಮ್ಮ ಜೀಪಿಗೆ ಇಪ್ಪತ್ತೈದು ವರ್ಷ ದಾಟಿದೆ. ಡೀಸೆಲ್ ಗಾಡಿ, ಫೋರ್ ವೀಲ್. ಕಂಪ್ಯೂಟರ್ ಅನ್ನೋದು ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಈಗಿನ ಕಾರುಗಳ ಹಾಗೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದುವ ಪ್ರಶ್ನೆಯೇ ಬರುವುದಿಲ್ಲ. ಮಳೆಗಾಲದಲ್ಲಿ ಮೀಟರ್ ಬೋರ್ಡಿನ ಚಾರ್ಜ್ ಲೈಟು, ಆಯಿಲ್ ಲೈಟು, ಬ್ರೇಕ್ ಲೈಟು ಮೂರೂ ಸರದಿ ಮೇಲೆ ಬಂದು ಹೋಗಲು ಶುರುವಾಯಿತು. ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಒಂದೂ ಬರುವುದಿಲ್ಲ. ತೋಟದ ದಾರಿ ಹಿಡಿದರೆ, ಇಲ್ಲವೇ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಯಾವುದೋ ಒಂದು ಮಿನುಗುತ್ತದೆ.

ಕೇಳಿದವರೆಲ್ಲ ಹೇಳಿದ್ದು ಒಂದೇ, "ಅರ್ತ್ ಪ್ರಾಬ್ಲಂ". ಅರ್ತ್ ಅಂದರೆ ಕರೆಂಟು ಗಾಡಿಯ ಲೋಹದ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ. ಒಬ್ಬರಂತೂ ಪೂರ್ತಿ ವೈರಿಂಗ್ ಕಿತ್ತು ಹೊಸದು ಹಾಕಿಬಿಡೋಣ ಅಂದರು. ಹಳೇ ಗಾಡಿಯಲ್ಲಿ ಅರ್ತ್ ಮೇಲೆ ಅನುಮಾನ ಬರುವುದು ಸಹಜ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ಅದಕ್ಕೂ ಚಾಸಿಗೂ ಕರೆಂಟ್ ದಾರಿ ಅಂದರೆ ಒಂದು ಹೆಣೆದ ಪಟ್ಟಿ. ಕೆಸರು, ಹಳ್ಳದ ನೀರು ತಾಗಿ ಅದರ ಬೋಲ್ಟ್ ತುಕ್ಕು ಹಿಡಿಯುತ್ತದೆ. ಆದರೆ ಅದನ್ನು ಊಹಿಸುವ ಅಗತ್ಯವಿಲ್ಲ, ಅಳೆಯಬಹುದು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಬೇಕು. ಕ್ಲ್ಯಾಂಪಿಗಲ್ಲ, ಕಂಬಕ್ಕೆ. ಕೆಂಪು ಕಡ್ಡಿ ಇಂಜಿನ್ನಿನ ಬರಿ ಲೋಹಕ್ಕೆ. ಆಗ ಇನ್ನೊಬ್ಬರು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ ಅಂತ ಲೆಕ್ಕ. ನಮ್ಮದರಲ್ಲಿ 0.2ಕ್ಕಿಂತ ಕಮ್ಮಿ ಬಂತು. ಹೆಡ್‌ಲೈಟ್ ಹಾಕಿ ಬಾಡಿಗೂ ನೋಡಿದೆ, ಅಲ್ಲೂ ತೊಂದರೆ ಇಲ್ಲ. ಅರ್ತ್ ಕಥೆ ಅಲ್ಲಿಗೆ ಮುಗಿಯಿತು.

ನನಗೆ ಮೊದಲಿಂದಲೂ ಇನ್ನೊಂದು ಅನುಮಾನ ಇತ್ತು. ಮೂರೂ ಲೈಟು ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತಿದ್ದರೆ ಮೂರಕ್ಕೂ ಸೇರಿದ ಜಾಗ ಹುಡುಕಬೇಕು: ಮೀಟರ್ ಬೋರ್ಡಿನ ಅರ್ತ್, ಅದರ ಹಿಂದೆ ವೈರುಗಳು ಸೇರುವ ಕಪ್ಲರ್, ಕೆಲವು ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್. ನಮ್ಮವು ಯಾವತ್ತೂ ಜೊತೆಯಾಗಿ ಬಂದಿರಲಿಲ್ಲ. ಒಂದೇ ಕಾಯಿಲೆ ಅಂತ ಯಾಕೆ ಅಂದುಕೊಳ್ಳಬೇಕು? ಜೀಪಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಲೈಟು ಬಂದಾಗಲೆಲ್ಲ ಬರೆಯುವುದು: ಯಾವುದು, ಜೋರಾಗಿ ಬಂತೋ ಮಂಕಾಗಿಯೋ, ಏರೋ ಇಳಿಜಾರೋ, ಕ್ಲಚ್ ಬಿಟ್ಟಾಗಲೋ ಬ್ರೇಕ್ ಒತ್ತಿದಾಗಲೋ, ವೈಪರ್ ಓಡುತ್ತಿತ್ತೋ. ಪುಟ ತುಂಬುವ ಮೊದಲೇ ಮೂರೂ ಬೇರೆ ಬೇರೆಯಾಗಿ ಕಂಡವು. ಆಯಿಲ್ ಲೈಟು ಬರುತ್ತಿದ್ದುದು ಫಸ್ಟ್ ಗೇರಲ್ಲಿ ಕ್ಲಚ್ ಬಿಡುವಾಗ, ಗಾಡಿ ಎಗರಿದಾಗ. ಚಾರ್ಜ್ ಲೈಟು ಮಳೆಯಲ್ಲಿ ಮಾತ್ರ, ಅದೂ ಮಂಕಾಗಿ. ಬ್ರೇಕ್ ಲೈಟು ಇಳಿಜಾರಲ್ಲಿ.

ಮೊದಲು ಹಿಡಿದಿದ್ದು ಆಯಿಲ್ ಲೈಟು. ಅದನ್ನು ವೈರಿಂಗ್ ತೊಂದರೆ ಅಂತ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕಡಿದಾದ ಏರಿನಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪಿಗೆ ನಿಜವಾಗಿಯೂ ಸಿಗದೇ ಹೋಗಬಹುದು. ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿದೆ, ಮಟ್ಟ ಸರಿ ಇತ್ತು. ಪರಿಚಯದ ಗ್ಯಾರೇಜಿನಿಂದ ಮುಳ್ಳಿನ ಪ್ರೆಶರ್ ಗೇಜ್ ತಂದು, ಆಯಿಲ್ ಸ್ವಿಚ್ ಇರುವ ಜಾಗಕ್ಕೆ ಟಿ ಜಾಯಿಂಟ್ ಹಾಕಿ ಸ್ವಿಚ್ಚು, ಗೇಜು ಎರಡನ್ನೂ ಕೂರಿಸಿದೆ. ಗೇಜಿನ ಕೊಳವೆಯನ್ನು ಕಿಟಕಿಯಿಂದ ಒಳಗೆ ತಂದು ಮುಳ್ಳು ಕಣ್ಣೆದುರು ಇರುವ ಹಾಗೆ ಕಟ್ಟಿದೆ. ತೋಟದ ಮೇಲಿನ ಏರು ಹತ್ತುವಾಗ ಲೈಟು ಮಿನುಗಿತು, ಮುಳ್ಳು ಅಲ್ಲಾಡಲಿಲ್ಲ. ಅಷ್ಟು ಸಾಕಿತ್ತು. ಪ್ರೆಶರ್ ಇದೆ, ಲೈಟು ಸುಳ್ಳು ಹೇಳುತ್ತಿದೆ. ಈ ಪರೀಕ್ಷೆ ಆಗುವವರೆಗೆ ಮಾತ್ರ, ಆಯಿಲ್ ಲೈಟು ಬಂದರೆ ನಾನು ಇಂಜಿನ್ ಆಫ್ ಮಾಡಿಯೇ ಮುಂದಿನ ಮಾತು ಆಡುತ್ತಿದ್ದೆ.

ಆ ಲೈಟಿನ ಕೆಲಸ ಬಹಳ ಸರಳ. ಪ್ರೆಶರ್ ಬಿದ್ದರೆ ಸ್ವಿಚ್ಚು ವೈರನ್ನು ಇಂಜಿನ್ನಿಗೆ ಮುಟ್ಟಿಸುತ್ತದೆ, ಬಲ್ಬ್ ಉರಿಯುತ್ತದೆ. ಅಂದರೆ ಆ ಒಂಟಿ ವೈರು ದಾರಿಯಲ್ಲಿ ಎಲ್ಲೇ ಇಂಜಿನ್ನಿಗೆ ತಾಗಿದರೂ ಬಲ್ಬಿಗೆ ಅದೇ ಅರ್ಥ. ಸ್ವಿಚ್ಚಿನಿಂದ ವೈರ್ ಕಳಚಿ, ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಿಕೊಂಡೆ. ಮಗನನ್ನು ಮೀಟರ್ ಬೋರ್ಡ್ ನೋಡಲು ಕೂರಿಸಿದೆ. ಒಣಗಿದ ಅಡಕೆ ದಬ್ಬೆ ಒಂದನ್ನು ಹಿಡಿದು, ಫ್ಯಾನಿನಿಂದ ದೂರ ನಿಂತು, ವೈರನ್ನು ಗೇಣು ಗೇಣಾಗಿ ಒತ್ತುತ್ತಾ ಹೋದೆ. ದಬ್ಬೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಕೈಯೂ ಬಿಸಿ ಇಂಜಿನ್ನಿಗೆ ಹತ್ತಿರ ಹೋಗಬೇಕಾಗಿಲ್ಲ. ಆಲ್ಟರ್ನೇಟರ್ ಬ್ರಾಕೆಟ್ ಹತ್ತಿರ ಬಂದಾಗ "ಅಪ್ಪಾ, ಬಂತು! ಹೋಯ್ತು. ಮತ್ತೆ ಬಂತು!" ಅಂದ. ಇಂಜಿನ್ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ವೈರಿನ ಮೇಲಿನ ಕಪ್ಪು ಸ್ಲೀವನ್ನು ಸರಿಸಿ ನೋಡಿದರೆ ಹೊರಗಿನಿಂದ ಏನೂ ಗೊತ್ತಾಗುವ ಹಾಗಿಲ್ಲ. ವೈರನ್ನು ತಿರುವಿದಾಗ ಬ್ರಾಕೆಟ್ಟಿನ ಅಂಚಿಗೆ ತಾಗುವ ಬದಿಯಲ್ಲಿ ಪ್ಲಾಸ್ಟಿಕ್ ಸವೆದು, ಅಕ್ಕಿಕಾಳಿನಷ್ಟು ತಾಮ್ರ ಫಳಫಳ ಹೊಳೆಯುತ್ತಿತ್ತು. ಬೇರೆ ಕಡೆ ತಾಮ್ರ ಕಪ್ಪಾಗಿರುತ್ತದೆ. ಹೊಳೆಯುತ್ತಿದೆ ಅಂದರೆ ದಿನಾ ಉಜ್ಜಿಕೊಳ್ಳುತ್ತಿದೆ ಅಂತಲೇ. ಕ್ಲಚ್ ಬಿಟ್ಟಾಗ ಇಂಜಿನ್ ವಾಲುತ್ತದೆ, ಅಂಚು ವೈರಿಗೆ ಒತ್ತುತ್ತದೆ.

ಅಷ್ಟು ಉದ್ದಕ್ಕೆ ಹೊಸ ವೈರ್ ಸೇರಿಸಿ, ಜಾಯಿಂಟಿಗೆ ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಬ್ರಾಕೆಟ್ಟಿನಿಂದ ದೂರಕ್ಕೆ ಕ್ಲಿಪ್ ಮಾಡಿದೆ. ಬರೀ ಇನ್ಸುಲೇಷನ್ ಟೇಪ್ ಸುತ್ತುವುದು ನನಗೆ ಇಷ್ಟವಿಲ್ಲ. ಇಂಜಿನ್ ಬಿಸಿಗೆ ಅದರ ಅಂಟು ಕರಗಿ, ಮುಂದಿನ ಮಳೆಗಾಲಕ್ಕೆ ಬಿಚ್ಚಿಕೊಂಡು ನೇತಾಡುತ್ತದೆ.

ಚಾರ್ಜ್ ಲೈಟಿಗೆ ಸ್ವಲ್ಪ ಜಾಸ್ತಿ ತಲೆ ಓಡಿಸಬೇಕಾಯಿತು. ಈ ಬಲ್ಬಿನ ಒಂದು ತುದಿ ಕೀ ಸ್ವಿಚ್ಚಿನ ಕಡೆಗೆ, ಇನ್ನೊಂದು ತುದಿ ಆಲ್ಟರ್ನೇಟರಿನ ಕಡೆಗೆ. ಚಾರ್ಜ್ ಆಗುತ್ತಿದ್ದರೆ ಎರಡೂ ಕಡೆ ವೋಲ್ಟೇಜ್ ಸಮ, ಬಲ್ಬ್ ಆರುತ್ತದೆ. ಯಾವ ಕಡೆ ತಗ್ಗಿದರೂ ಉರಿಯುತ್ತದೆ. ಹೆಚ್ಚಿನವರು ಆಲ್ಟರ್ನೇಟರ್ ಕಡೆ ಮಾತ್ರ ನೋಡುತ್ತಾರೆ. ನಮ್ಮ ಬ್ಯಾಟರಿಯಲ್ಲಿ ಇಂಜಿನ್ ಓಡುವಾಗ 14.1 ವೋಲ್ಟ್ ಬರುತ್ತಿತ್ತು. 13.8ರಿಂದ 14.4ರ ಒಳಗಿದ್ದರೆ ಚೆನ್ನಾಗಿದೆ ಅಂತಲೇ. ಹಾಗಾದರೆ ಕೀ ಕಡೆ ನೋಡಬೇಕು, ಅಲ್ವಾ? ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕೀ ಆನ್ ಮಾಡಿದಾಗ ಕರೆಂಟ್ ಬರುವ ಫ್ಯೂಸಿಗೆ ಇಟ್ಟೆ. ಸುಮ್ಮನಿದ್ದಾಗ ವ್ಯತ್ಯಾಸ ಕಮ್ಮಿ. ವೈಪರ್ ಮತ್ತು ಗಾಜಿನ ಮಂಜು ತೆಗೆಯುವ ಫ್ಯಾನ್ ಹಾಕಿದ ಕೂಡಲೇ ಒಂದು ವೋಲ್ಟ್ ದಾಟಿತು, ಲೈಟು ಮಂಕಾಗಿ ಹತ್ತಿತು. ಮಳೆಯಲ್ಲೇ ಯಾಕೆ ಬರುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ನೀರು ನುಗ್ಗಿ ಅಲ್ಲ, ವೈಪರಿನಿಂದ.

ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿದರೆ ಕೀ ಸ್ವಿಚ್ಚಿನ ಬಿಳಿ ಕಪ್ಲರಿನಲ್ಲಿ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿತ್ತು, ಪಿನ್ನು ಸಡಿಲ. ಕಪ್ಲರ್ ಬದಲಾಯಿಸಿ, ವೈಪರ್ ಮತ್ತು ಫ್ಯಾನಿಗೆ ಒಂದೊಂದು ರಿಲೇ ಹಾಕಿದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಕರೆಂಟ್, 87ರಿಂದ ಮೋಟರಿಗೆ, 85 ಮತ್ತು 86 ರಿಲೇಯೊಳಗಿನ ಕಾಯಿಲ್‌ಗೆ, ಅದನ್ನು ಆನ್ ಮಾಡುವುದು ಮಾತ್ರ ಹಳೇ ಸ್ವಿಚ್ಚು. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು. ಈಗ ಮೋಟರುಗಳ ಭಾರ ಹಳೇ ಸ್ವಿಚ್ಚಿನ ಮೇಲೆ ಬೀಳುವುದಿಲ್ಲ.

ಇಲ್ಲಿ ಒಂದು ಮಾತು. ಕಿರಿಕಿರಿ ಅಂತ ಕೆಲವರು ಚಾರ್ಜ್ ಲೈಟಿನ ಬಲ್ಬನ್ನೇ ಕಿತ್ತು ಬಿಸಾಕುತ್ತಾರೆ, ಇಲ್ಲವೇ ಎಲ್‌ಇಡಿ ಹಾಕುತ್ತಾರೆ. ಎಷ್ಟೋ ಹಳೇ ಆಲ್ಟರ್ನೇಟರುಗಳು ಚಾರ್ಜ್ ಶುರು ಮಾಡಲು ಬೇಕಾದ ಮೊದಲ ಕರೆಂಟು ಬರುವುದೇ ಆ ಬಲ್ಬಿನ ಮೂಲಕ. ಬಲ್ಬ್ ತೆಗೆದರೆ ಚಾರ್ಜ್ ಆಗದೆಯೂ ಇರಬಹುದು, ಅಥವಾ ಜೋರಾಗಿ ರೇಸ್ ಮಾಡಿದ ಮೇಲಷ್ಟೇ ಆಗಬಹುದು.

ಬ್ರೇಕ್ ಲೈಟಿಗೆ ಮೀಟರ್ ಬೇಕಾಗಲಿಲ್ಲ. ಆ ಲೈಟು ಹ್ಯಾಂಡ್ ಬ್ರೇಕ್ ಸ್ವಿಚ್ಚಿಗೂ ಸೇರಿದೆ, ಬ್ರೇಕ್ ಆಯಿಲ್ ಡಬ್ಬಿಯೊಳಗೆ ತೇಲುವ ಫ್ಲೋಟಿಗೂ ಸೇರಿದೆ, ಮಟ್ಟ ಇಳಿದು ಅದು ಕೆಳಗೆ ಕೂತರೆ ಲೈಟು ಬರುತ್ತದೆ. ಹ್ಯಾಂಡ್ ಬ್ರೇಕ್ ಸ್ವಿಚ್ಚಿನ ವೈರ್ ಕಳಚಿ ಘಾಟಿ ಇಳಿದೆ. ಲೈಟು ಬಂತು. ಹಾಗಾದರೆ ಫ್ಲೋಟೇ. ನಮ್ಮ ಗಾಡಿಯಲ್ಲಿ ಫ್ಲೋಟು ಡಬ್ಬಿಯ ಹಿಂಬದಿಗಿದೆ. ಇಳಿಜಾರಲ್ಲಿ ಬ್ರೇಕ್ ಒತ್ತಿದಾಗ ಆಯಿಲ್ ಮುಂದಕ್ಕೆ ಓಡಿ ಫ್ಲೋಟು ಕೆಳಗೆ ಕೂರುತ್ತಿತ್ತು. ಮಟ್ಟ ಮಿನಿಮಮ್ ಗೆರೆಗೆ ಬಂದಿತ್ತು, ಎಲ್ಲೂ ಸೋರಿಕೆ ಇಲ್ಲ. ಅದರ ಅರ್ಥ ಹೆಚ್ಚಾಗಿ ಒಂದೇ: ಮುಂದಿನ ಡಿಸ್ಕ್ ಪ್ಯಾಡ್ ಸವೆದಿದೆ, ಪಿಸ್ಟನ್ ಹೊರಗೆ ಬಂದಷ್ಟೂ ಆಯಿಲ್ ಅದರ ಹಿಂದೆ ಸೇರಿಕೊಂಡಿದೆ. ಚಕ್ರ ಬಿಚ್ಚಿದಾಗ ಪ್ಯಾಡ್ ಎರಡು ಮಿಲಿಮೀಟರ್ ಕೂಡ ಉಳಿದಿರಲಿಲ್ಲ. ಲೈಟು ಬಂತೆಂದು ಮೊದಲೇ ಆಯಿಲ್ ತುಂಬಿಸಿಬಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳಿದಾಗ ಅದೆಲ್ಲ ಡಬ್ಬಿಯಿಂದ ಉಕ್ಕಿ ಬರುತ್ತದೆ. ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟ್ ಏಳುತ್ತದೆ. ಹಾಗಾಗಿ ಮೊದಲು ಪ್ಯಾಡ್ ಹಾಕಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಮಟ್ಟ ನೋಡಿದೆ. ಒಂದು ಹನಿಯೂ ಹಾಕಬೇಕಾಗಿ ಬರಲಿಲ್ಲ.