ಮಸಿಗೆರೆಯ ಮುಖಕ್ಕೆ ಮೈಬಣ್ಣ ತುಂಬುವುದು ಹೇಗೆ?

ಮಸಿಯಲ್ಲಿ ಬರೆದ ಮುಖ ಕಪ್ಪು ಬಿಳುಪಿನಲ್ಲಿ ಇರುವಷ್ಟು ಹೊತ್ತು ಚೆನ್ನಾಗಿಯೇ ಕಾಣುತ್ತದೆ. ಜಲವರ್ಣ ಬಿದ್ದ ಮೇಲೆ ಬೂದಿ ಬಳಿದಂತಾಗುತ್ತದೆ. ಬಣ್ಣದ ಡಬ್ಬಿಯನ್ನು ದೂರುವ ಮೊದಲು ಒಂದು ವಿಷಯ ಗಮನಿಸಿ. ಮೂಗಿನ ಪಕ್ಕ, ಗಲ್ಲದ ಕೆಳಗೆ, ಕಣ್ಣಿನ ಗುಳಿಯಲ್ಲಿ ಎಳೆದ ಗೆರೆಗಳು ನೆರಳನ್ನು ಆಗಲೇ ಹೇಳಿಬಿಟ್ಟಿವೆ. ಅದೇ ನೆರಳನ್ನು ಬಣ್ಣದಲ್ಲಿ ಇನ್ನೊಮ್ಮೆ ಹೇಳಹೊರಟಾಗ ಮುಖ ಕಂದುತ್ತದೆ. ಕತ್ತಲೆಯನ್ನು ಗೆರೆಗೆ ಬಿಡಿ, ರಕ್ತ ಮತ್ತು ಬೆಳಕನ್ನು ಬಣ್ಣಕ್ಕೆ ಬಿಡಿ. ಮುಂದಿನ ಹಂತಗಳೆಲ್ಲ ಈ ಹಂಚಿಕೆಯ ಮೇಲೆ ನಿಂತಿವೆ.

ಮೊದಲು ಮಸಿ ಮತ್ತು ಕಾಗದ

ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿಯಲ್ಲಿ ಇರುವುದು ಹೆಚ್ಚಾಗಿ ನೀರಿನಲ್ಲಿ ಕರಗುವ ಡೈ. ಅದರ ಮೇಲೆ ಒದ್ದೆ ಕುಂಚ ಆಡಿಸಿದರೆ ಕಪ್ಪು ಹರಡಿ ಕೆನ್ನೆಯನ್ನೆಲ್ಲ ಕೊಳೆ ಮಾಡುತ್ತದೆ. ನೀರಿಗೆ ಜಗ್ಗದ ಇಂಡಿಯನ್ ಇಂಕ್ ಅಥವಾ ಪಿಗ್ಮೆಂಟ್ ಇಂಕಿನ (ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಶಾಯಿಯ) ಫೈನ್‌ಲೈನರ್, ಅಂದರೆ ಸಣ್ಣ ತುದಿಯ ಪೆನ್ನು ಬಳಸಿ. ಬಾಟಲಿಯ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿದ್ದರೂ ತುಂಡು ಕಾಗದದ ಮೇಲೆ ಎಳೆದು, ಒಣಗಿಸಿ, ನೀರು ಹಚ್ಚಿ ನೋಡಿಯೇ ನಂಬಿ. ಚಿತ್ರ ಒಂದು ರಾತ್ರಿ ಒಣಗಿದರೆ ಇನ್ನೂ ಒಳ್ಳೆಯದು.

ಕಾಗದ 300 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಲಿ. ನಯವಾದ ಹಾಟ್ ಪ್ರೆಸ್ಡ್ ಕಾಗದದ ಮೇಲೆ ನಿಬ್ಬು ಸಿಕ್ಕಿಕೊಳ್ಳುವುದಿಲ್ಲ.

ಮುಖದೊಳಗಿನ ಗೆರೆಗಳಿಗೆ ಕಪ್ಪಿನ ಬದಲು ಸೀಪಿಯಾ ಅಥವಾ ಗಾಢ ಕಂದು ಮಸಿ ಬಳಸಿ ನೋಡಿ. ರೆಪ್ಪೆಯಂಚು, ಕಣ್ಣಿನ ಪಾಪೆ, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೀಟು, ಕೂದಲು: ಕಪ್ಪು ಇಷ್ಟಕ್ಕೆ ಸಾಕು. ಕೆನ್ನೆಯ ಮೇಲೆ ಒತ್ತೊತ್ತಾಗಿ ಎಳೆದ ಕಪ್ಪು ಹ್ಯಾಚಿಂಗ್ (ನೆರಳು ತೋರಿಸುವ ಸಾಲು ಗೆರೆಗಳು) ದೂರದಿಂದ ಕೆಳಗಿನ ಬಣ್ಣದೊಡನೆ ಕಣ್ಣಿನಲ್ಲೇ ಬೆರೆತು ಬೂದಿಯಾಗುತ್ತದೆ. ಬಣ್ಣ ಹಾಕಬೇಕೆಂದಿರುವ ಚಿತ್ರದಲ್ಲಿ ಮಾಮೂಲಿಗಿಂತ ಅರ್ಧದಷ್ಟೇ ಗೆರೆ ಎಳೆಯಿರಿ. ಬೇಕಾದರೆ ಕೊನೆಯಲ್ಲಿ ಸೇರಿಸಬಹುದು, ತೆಗೆಯಲಂತೂ ಆಗದು.

ಯಾವ ಬಣ್ಣ, ಏಕೆ?

ಚರ್ಮದ ಮೇಲ್ಪದರದಲ್ಲಿ ಮೆಲನಿನ್, ಅದರ ಕೆಳಗೆ ರಕ್ತನಾಳಗಳ ಕೆಂಪು. ಬೆಳಕು ಚರ್ಮದ ಒಳಕ್ಕೆ ಕೊಂಚ ಇಳಿದು, ಚದುರಿ, ಬಣ್ಣ ಹೊತ್ತು ಹೊರಬರುತ್ತದೆ. ಪಾರದರ್ಶಕ ಜಲವರ್ಣದಲ್ಲೂ ಬೆಳಕು ಲೇಪವನ್ನು ದಾಟಿ, ಕಾಗದದ ಬಿಳುಪಿಗೆ ತಾಗಿ ಮರಳುತ್ತದೆ. ಮೈಬಣ್ಣಕ್ಕೆ ಈ ಮಾಧ್ಯಮ ಅಷ್ಟೊಂದು ಒಗ್ಗುವುದು ಅದಕ್ಕೇ. ಬಿಳಿ ಬೆರೆಸಿದ ಕೂಡಲೇ ಆ ದಾರಿ ಮುಚ್ಚಿಹೋಗುತ್ತದೆ.

ಆದ್ದರಿಂದ ಮೈಬಣ್ಣವೆಂದು ಟ್ಯೂಬಿನಲ್ಲಿ ಸಿದ್ಧವಾಗಿ ಸಿಗುವ ಬಣ್ಣವನ್ನು ಬದಿಗಿಡಿ. ಅದು ಸಾಮಾನ್ಯವಾಗಿ ಬಿಳಿ ಬೆರೆಸಿದ ನಸುಗುಲಾಬಿ. ಮಸಿಗೆರೆಯ ಮೇಲೆ ಹಾಲಿನ ಪೊರೆಯಂತೆ ಕೂರುತ್ತದೆ, ಮೇಲಾಗಿ ನಮ್ಮಲ್ಲಿ ಬಹುಪಾಲು ಮಂದಿಯ ಮೈಬಣ್ಣ ಅದಲ್ಲ. ಅಮೆರಿಕದ ಕ್ರೆಯೋಲಾ ತನ್ನ ‘ಫ್ಲೆಶ್’ ಬಣ್ಣದ ಕಡ್ಡಿಗೆ 1962ರಲ್ಲೇ ‘ಪೀಚ್’ ಎಂದು ಹೆಸರು ಬದಲಿಸಿತು. ನಮ್ಮ ಮಕ್ಕಳು ಅಮ್ಮನ ಮುಖಕ್ಕೆ ಇನ್ನೂ ಆ ಗುಲಾಬಿಯನ್ನೇ ತುಂಬುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಾಲ್ಕು ಬಣ್ಣ ಸಾಕು: ರಾ ಸಿಯೆನ್ನಾ (ಹಳದಿಗಂದು), ಬರ್ಂಟ್ ಸಿಯೆನ್ನಾ (ಕೆಂಗಂದು), ಪರ್ಮನೆಂಟ್ ರೋಸ್ (ಗುಲಾಬಿಗೆಂಪು), ಅಲ್ಟ್ರಾಮರೀನ್ ನೀಲಿ. ಯೆಲ್ಲೋ ಓಕರ್ (ಮಣ್ಣುಹಳದಿ) ಮತ್ತು ಲೈಟ್ ರೆಡ್ (ಇಟ್ಟಿಗೆಗೆಂಪು) ಚೆಂದದ ಬಣ್ಣಗಳೇ, ಆದರೆ ದಟ್ಟವಾಗಿ ಹಚ್ಚಿದರೆ ಗೆರೆಯನ್ನು ಮಬ್ಬು ಮಾಡುತ್ತವೆ. ಹಳೆಯ ಬಗೆಯ ಅಲಿಜರಿನ್ ಕ್ರಿಮ್ಸನ್ ಎಂಬ ಗಾಢಗೆಂಪು ಬೇಡ. ಬೆಳಕಿಗೆ ಅದು ಮಾಸುತ್ತದೆ, ಕೆನ್ನೆಯ ಕೆಂಪು ಕೆಲವು ವರ್ಷಗಳಲ್ಲಿ ಕಾಣೆಯಾದೀತು.

ಮೊದಲ ಲೇಪ

ಎಣ್ಣೆಗೆಂಪು ಮೈಬಣ್ಣದ ಮುಖವೊಂದನ್ನು ಬಿಡಿಸುತ್ತಿದ್ದೀರಿ ಎಂದುಕೊಳ್ಳೋಣ. ಬರ್ಂಟ್ ಸಿಯೆನ್ನಾಕ್ಕೆ ರಾ ಸಿಯೆನ್ನಾ, ಒಂದು ಚಿಟಿಕೆ ರೋಸ್ ಬೆರೆಸಿ, ಬೇಕೆನಿಸಿದ್ದಕ್ಕಿಂತ ತುಸು ಗಾಢವಾಗಿಯೇ ಕಲಸಿಕೊಳ್ಳಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಹೊಳಪಿನ ಜಾಗಗಳನ್ನು ಬಿಟ್ಟು ಮುಖ, ಕಿವಿ, ಕತ್ತನ್ನು ಒಂದೇ ಬೀಸಿನಲ್ಲಿ ತುಂಬಿ.

ಅದು ಒದ್ದೆಯಾಗಿರುವಾಗಲೇ ಮುಖ್ಯ ಕೆಲಸ ಆಗಬೇಕು. ಹಣೆಯಲ್ಲಿ ಚರ್ಮದ ಕೆಳಗೇ ಎಲುಬು, ಅಲ್ಲಿ ಹಳದಿ ಛಾಯೆ ಹೆಚ್ಚು: ರಾ ಸಿಯೆನ್ನಾ ಸೇರಿಸಿ. ಕೆನ್ನೆ, ಮೂಗಿನ ತುದಿ, ಕಿವಿಗಳಲ್ಲಿ ರಕ್ತ ಮೇಲೆಯೇ ಹರಿಯುತ್ತದೆ: ರೋಸ್ ತಾಗಿಸಿ. ಗಂಡಸರ ದವಡೆಯಲ್ಲಿ, ಬೋಳಿಸಿದ ಗಡ್ಡದ ಜಾಗದಲ್ಲಿ ಅಲ್ಟ್ರಾಮರೀನಿನ ಸುಳಿವು ಸಾಕು. ಬಣ್ಣಗಳು ತಾವೇ ಒಂದರೊಳಗೊಂದು ಹರಿಯಲಿ, ಕುಂಚದಿಂದ ತಿಕ್ಕಬೇಡಿ. ಬೆನ್ನ ಹಿಂದಿನಿಂದ ಬಿಸಿಲು ಬೀಳುತ್ತಿದ್ದರೆ ಕಿವಿಯ ಅಂಚಿಗೆ ಧೈರ್ಯವಾಗಿ ಕೆಂಪು ಹಾಕಿ. ಬೆಳಕು ಕಿವಿಯನ್ನು ತೂರಿಯೇ ಬರುತ್ತದೆ.

ನೆರಳು

ಪೂರ್ತಿ ಒಣಗಿದ ಮೇಲೆಯೇ ಎರಡನೆಯ ಲೇಪ. ಕಪ್ಪು ಬಣ್ಣವನ್ನು ಮುಟ್ಟಬೇಡಿ. ಬರ್ಂಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಿದರೆ ಬೆಚ್ಚನೆಯ ಕಂದಿನಿಂದ ತಣ್ಣನೆಯ ಬೂದಿಯವರೆಗೆ ಎಲ್ಲವೂ ಸಿಗುತ್ತದೆ. ಬೆಳಕು ಮುಗಿದು ನೆರಳು ಶುರುವಾಗುವ ಅಂಚಿನಲ್ಲಿ ಕೆಂಪು ಜಾಸ್ತಿ ಇರಲಿ, ಒಳಕ್ಕೆ ಹೋದಂತೆ ನೀಲಿ ಹೆಚ್ಚಲಿ. ಗೆರೆ ದಟ್ಟವಾಗಿರುವ ಕಡೆ ಈ ಲೇಪವನ್ನು ನೀರಾಗಿಸಿ. ಗೆರೆಯಿಲ್ಲದ ಕಡೆ ಮಾತ್ರ ಪೂರ್ಣ ಬಲ ಕೊಡಿ.

ಎಣ್ಣೆಗಪ್ಪು ಮೈಬಣ್ಣದಲ್ಲಿ ಬಣ್ಣ ಕಡಿಮೆ ಎಂದು ತಿಳಿದು ಕಂದನ್ನೇ ದಪ್ಪಗೆ ಬಳಿಯುವವರಿದ್ದಾರೆ. ಅಲ್ಲಿ ನೋಡಲು ಇನ್ನೂ ಹೆಚ್ಚಿದೆ. ಹಣೆ, ಕೆನ್ನೆಮೂಳೆಗಳ ಹೊಳಪು ಸುತ್ತಲಿನ ಗಾಢತೆಯಿಂದಾಗಿ ಎದ್ದು ಕಾಣುತ್ತದೆ, ಬಯಲಿನಲ್ಲಿ ಕೂತವರಲ್ಲಿ ಅದು ಆಕಾಶದ ನೀಲಿಯನ್ನೇ ತೋರುತ್ತದೆ. ಆ ಜಾಗಕ್ಕೆ ತೆಳುನೀಲಿ ಬಿಡಿ. ನೆರಳಿಗೆ ರೋಸ್ ಮತ್ತು ಅಲ್ಟ್ರಾಮರೀನಿನ ನೇರಳೆಯನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ, ಪ್ರತಿ ಸಲವೂ ಒಣಗಿಸಿ. ಒಂದೇ ದಪ್ಪ ಲೇಪದಲ್ಲಿ ಆ ಆಳ ಬರುವುದಿಲ್ಲ. ಕಣ್ಣಿನ ಬಿಳಿ, ಹಲ್ಲು ಎಂದೂ ಕಾಗದದಷ್ಟು ಬಿಳಿಯಲ್ಲ. ತೆಳುಬೂದಿ ಸವರದಿದ್ದರೆ ಮುಖದಿಂದ ಹೊರಗೆ ಜಿಗಿಯುತ್ತವೆ.

ಹಿನ್ನೆಲೆ ಮತ್ತು ಬಟ್ಟೆ

ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರೇಲ್ ಮುಂದೆ ಕಪ್ಪು ನೂಲು ಸಪ್ಪೆಯೆಂಬ ದೂರು ಬಂದಿತ್ತು. ನೂಲಿನಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿದ್ದ ಬಣ್ಣಗಳು ಅದನ್ನು ಹಾಗೆ ತೋರಿಸುತ್ತಿದ್ದವು. 1839ರಲ್ಲಿ ಅವರು ಪ್ರಕಟಿಸಿದ ಆ ನಿಯಮ ನಮ್ಮ ಚಿತ್ರದಲ್ಲೂ ಕೆಲಸ ಮಾಡುತ್ತದೆ. ಮಾಸಲು ಹಸಿರು ಅಥವಾ ಬೂದುನೀಲಿ ಹಿನ್ನೆಲೆ ಕೊಟ್ಟು ನೋಡಿ: ಮುಖಕ್ಕೆ ಒಂದು ಹನಿ ಬಣ್ಣ ಸೇರಿಸದೆಯೇ ಕಂದು ಬೆಚ್ಚಗಾಗುತ್ತದೆ. ಅರಿಸಿನ ಬಣ್ಣದ ಸೀರೆಯಿದ್ದರೆ ಗಲ್ಲದ ಕೆಳಗಿನ ನೆರಳಿಗೂ ಆ ಹಳದಿಯ ಸೋಂಕು ತಾಗಿಸಿ.

ಕಂಪ್ಯೂಟರಿನಲ್ಲಿ ಮಾಡುವವರಿಗೂ ಕ್ರಮ ಇದೇ. ಗೆರೆಯ ಪದರವನ್ನು ಮಲ್ಟಿಪ್ಲೈಗೆ (ಬಿಳಿ ಜಾಗದಲ್ಲಿ ಕೆಳಗಿನ ಬಣ್ಣ ಕಾಣಿಸುವ ಆಯ್ಕೆ) ಇಟ್ಟು ಕೆಳಗೆ ಬಣ್ಣ ತುಂಬಿ, ಮುಖದೊಳಗಿನ ಗೆರೆಗಳನ್ನು ಮಾತ್ರ ಗಾಢ ಕಂದಿಗೆ ತಿರುಗಿಸಿ.

ಕೊನೆಗೆ ಫೋನಿನಲ್ಲಿ ಚಿತ್ರದ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಮುಖದ ಉಬ್ಬುತಗ್ಗು ಅಲ್ಲೂ ಓದಲು ಸಿಕ್ಕರೆ ಕುಂಚ ಕೆಳಗಿಡಿ. ಸಿಗದಿದ್ದರೆ ತಿರುಗಿ ಮಸಿ ಎತ್ತಿಕೊಂಡು ಮೇಲ್ರೆಪ್ಪೆ, ಹೊಳ್ಳೆ, ತುಟಿಯ ಮೂಲೆ, ಈ ಮೂರು ಕಡೆ ಗೆರೆಯನ್ನು ತುಸು ದಪ್ಪ ಮಾಡಿ.