ಕ್ಯಾನರಿ ಮರಿ ಮಾಡಿಸೋದು ಹೇಗೆ: ಮೊದ್ಲು ತಂತಿ, ಆಮೇಲೆ ಗೂಡು

ಪ್ರತಿ ವರ್ಷ ಸಂಕ್ರಾಂತಿ ಮುಗೀತಿದ್ದ ಹಾಗೆ ಕ್ಯಾನರಿ ಹಕ್ಕಿ ಸಾಕೋರಿಂದ ನಂಗೆ ಫೋನ್ ಶುರುವಾಗತ್ತೆ. "ಸಾರ್, 4 ಮೊಟ್ಟೆ ಇಟ್ಟು 18 ದಿನ ಆಯ್ತು, ಒಂದೂ ಒಡೆದಿಲ್ಲ" ಅಂತ ಒಬ್ರು, "ಗಂಡು ಕುಕ್ಕಿ ಕುಕ್ಕಿ ಹೆಣ್ಣಿನ ತಲೆ ಬೋಳು ಮಾಡ್ಬಿಟ್ಟಿದೆ" ಅಂತ ಇನ್ನೊಬ್ರು. ಯಾವಾಗ ಜೋಡಿ ಹಾಕಿದ್ರಿ ಅಂದ್ರೆ ಎಲ್ರದ್ದೂ ಒಂದೇ ಉತ್ತರ, ಅಂಗಡಿಯಿಂದ ತಂದ ದಿನಾನೇ ಸಾರ್. ಇವ್ರೆಲ್ಲಾ ಹೆಚ್ಚಾಗಿ ಲವ್ ಬರ್ಡ್ಸ್ ಸಾಕಿ ಬಂದವ್ರು. ಅವಕ್ಕೆ ಒಂದು ಮಡಕೆ ಕಟ್ಟಿದ್ರೆ ಉಳಿದಿದ್ದು ಅವೇ ನೋಡ್ಕೊಳ್ತವೆ. ಕ್ಯಾನರಿ ಹಂಗಲ್ಲ. ಗಂಡು ಹೆಣ್ಣು ಎರಡೂ ಹದಕ್ಕೆ ಬರೋವರೆಗೂ ಒಂದರ ಮುಖ ಒಂದು ನೋಡ್ಬೇಕು, ಮುಟ್ಬಾರ್ದು. ಈ ಲೇಖನದಲ್ಲಿ ಮುಖ್ಯ ಅದೇ, ಮಿಕ್ಕಿದ್ದು ಸುಲಭ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಹೆಸರು ಕೇಳಿ ನಮ್ಮ ಕೆನರಾ ಜಿಲ್ಲೆಗೂ ಇದಕ್ಕೂ ಏನೋ ನಂಟಿದೆ ಅಂದ್ಕೊಳ್ಳೋರು ಇದಾರೆ, ಏನೂ ಇಲ್ಲ. ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್‌ನಲ್ಲಿರೋ ಕ್ಯಾನರಿ ದ್ವೀಪಗಳ ಹಕ್ಕಿ ಇದು, ಸ್ಪೇನಿನವ್ರು ಯುರೋಪಿಗೆ ಒಯ್ದು ಸಾಕಿ ಬೆಳೆಸಿದ್ದು. ಕಾಡಲ್ಲಿ ಅದು ಹಳದೀನೂ ಅಲ್ಲ, ಹಸಿರು ಕಂದು ಮಿಶ್ರ. ನಮ್ಮ ದೇಶದ ಹಕ್ಕಿ ಅಲ್ಲದೇ ಇರೋದ್ರಿಂದ ಮನೇಲಿ ಸಾಕೋಕೆ ತೊಂದ್ರೆ ಇಲ್ಲ. ಆದ್ರೆ ಪಕ್ಕದ ಪಂಜರದಲ್ಲಿರೋ ಹಸಿರು ಗಿಣಿ, ಬಣ್ಣ ಬಳಿದ ಮುನಿಯಾ ಇವೆಲ್ಲ ಕಾನೂನು ಪ್ರಕಾರ ಸಾಕೋ ಹಂಗೇ ಇಲ್ಲ, ಅವನ್ನ ಮಾರೋ ಅಂಗಡಿಯಿಂದ ಕ್ಯಾನರಿನೂ ತಗೋಬೇಡಿ.

1. ಹಕ್ಕಿ ಆರಿಸೋದು

ಅಕ್ಟೋಬರ್ ನವೆಂಬರಲ್ಲಿ ತಗೊಳ್ಳಿ. ಮಳೆಗಾಲದಲ್ಲಿ ಪುಕ್ಕ ಉದುರೋ ಟೈಮು, ಗಂಡು ಕೂಡ ಬಾಯಿ ಮುಚ್ಕೊಂಡಿರತ್ತೆ, ಆಗ ಯಾವುದು ಗಂಡು ಯಾವುದು ಹೆಣ್ಣು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಅಂಗಡಿಯವ್ರು "ಇದು ಪಕ್ಕಾ ಗಂಡು" ಅಂದ್ರೆ ತಲೆಯಾಡಿಸಿ ಅಲ್ಲೇ ಅರ್ಧ ಗಂಟೆ ನಿಂತ್ಕೊಳ್ಳಿ. ಗಂಟಲು ಉಬ್ಬಿಸಿ ಒಂದೇ ಉಸಿರಲ್ಲಿ ಉದ್ದಕ್ಕೆ ಹಾಡಿದ್ರೆ ಗಂಡು. ಚಿವ್ ಚಿವ್ ಅಂದು ನಿಲ್ಲಿಸಿದ್ರೆ ಹೆಣ್ಣೂ ಇರಬಹುದು, ಈ ವರ್ಷದ ಮರಿಯೂ ಇರಬಹುದು.

ಯಾವುದಕ್ಕೆ ಯಾವುದನ್ನ ಜೋಡಿಸೋದು ಅನ್ನೋದ್ರಲ್ಲಿ ಎರಡು ಕಟ್ಟುನಿಟ್ಟು. ತಲೆ ಮೇಲೆ ಪುಕ್ಕದ ಟೋಪಿ ಇರೋ ಗ್ಲಾಸ್ಟರ್ ಜಾತಿ ಇದ್ಯಲ್ಲ (1925ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಶೋನಲ್ಲಿ ಮೊದಲ ಸಲ ಕಾಣಿಸ್ಕೊಂಡಿದ್ದು), ಅದ್ರಲ್ಲಿ ಟೋಪಿ ಇರೋದಕ್ಕೆ ಕೊರೋನಾ ಅಂತ, ಇಲ್ಲದೇ ಇರೋದಕ್ಕೆ ಕಾನ್ಸಾರ್ಟ್ ಅಂತ ಹೆಸರು. ಟೋಪಿಗೆ ಟೋಪಿ ಹಾಕ್ಬಾರ್ದು. ಎರಡು ಕಡೆಯಿಂದಲೂ ಆ ಗುಣ ಬಂದ ಮರಿ ಬದುಕಲ್ಲ, ಲೆಕ್ಕಕ್ಕೆ ನಾಲ್ಕರಲ್ಲಿ ಒಂದು ಹೋಗತ್ತೆ. ನಂಗೆ ಮೊದಲ ಸಲ ಒಬ್ಬ ಮಾರಾಟಗಾರ "ಜೋಡಿ ಚೆನ್ನಾಗಿ ಕಾಣತ್ತೆ" ಅಂತ ಎರಡೂ ಟೋಪಿನೇ ಕೊಟ್ಟಿದ್ದ, ನಾನೂ ಖುಷಿಯಾಗಿ ತಂದೆ. ಎರಡನೇದು ಪುಕ್ಕ. ಕೆಲವು ಹಕ್ಕಿ ಪುಕ್ಕದ ತುದೀವರೆಗೂ ಗಾಢ ಬಣ್ಣ, ಪುಕ್ಕ ತೆಳು, ಅದನ್ನ ಯೆಲ್ಲೋ ಅಂತಾರೆ. ಕೆಲವಕ್ಕೆ ತುದೀಲಿ ಬಿಳಿ ಪುಡಿ ಉದುರಿಸಿದಂಗೆ ಇರತ್ತೆ, ಪುಕ್ಕ ದಪ್ಪ, ಅದು ಬಫ್. ಬಣ್ಣಕ್ಕೂ ಈ ಹೆಸರಿಗೂ ಸಂಬಂಧ ಇಲ್ಲ, ಹಸಿರು ಹಕ್ಕೀನೂ ಯೆಲ್ಲೋ ಆಗಿರಬಹುದು. ಒಂದು ಯೆಲ್ಲೋ ಒಂದು ಬಫ್, ಹೀಗೆ ಹಾಕಿ. ವರ್ಷಾನುಗಟ್ಟಲೆ ಬಫ್‌ಗೆ ಬಫ್ ಹಾಕ್ತಾ ಹೋದ್ರೆ ಪುಕ್ಕ ಇನ್ನೂ ದಪ್ಪ ಆಗಿ ಚರ್ಮದಿಂದ ಹೊರಗೆ ಬರಲಾರ್ದೆ ಒಳಗೇ ಸುರುಳಿ ಸುತ್ತಿ ಗಂಟಾಗತ್ತೆ.

2. ಪಂಜರ

2 ಅಡಿ ಉದ್ದದ, ಮಧ್ಯೆ ತಂತಿ ಪಾರ್ಟಿಷನ್ ಎಳೆದು ಹಾಕೋ ಪಂಜರ. ಗೋಪುರ ಥರದ್ದು, ದುಂಡಗಿರೋದು ಬೇಡವೇ ಬೇಡ, ಅವು ನೋಡೋಕೆ ಚಂದ ಅಷ್ಟೇ. ಪಂಜರದ ಸುತ್ತ ಸೊಳ್ಳೆ ಪರದೆ ಕಡ್ಡಾಯ. ಕ್ಯಾನರಿ ಪಾಕ್ಸ್ ಅನ್ನೋ ಕಾಯಿಲೆ ಸೊಳ್ಳೆಯಿಂದ ಹರಡತ್ತೆ, ಬಂದ್ರೆ ರೂಮಿಗೆ ರೂಮೇ ಖಾಲಿ. ಸೊಳ್ಳೆ ಬತ್ತಿ ಹಚ್ಚಿದ್ರೆ ಆಯ್ತಲ್ಲ ಅನ್ನೋರಿಗೆ, ಆ ಹೊಗೆ ನಿಮಗಿಂತ ಮೊದ್ಲು ಹಕ್ಕಿ ಎದೆಗೆ ಹೋಗತ್ತೆ. ಅಡುಗೆಮನೆ ಪಕ್ಕ ಇಡಬೇಡಿ, ನಾನ್‌ಸ್ಟಿಕ್ ತವ ಕಾದು ಹೊಗೆ ಬಂದ್ರೆ ಹಕ್ಕಿ ಸಾಯೋಕೆ ಕೆಲವೇ ನಿಮಿಷ ಸಾಕು. ಇಂಗ್ಲೆಂಡಲ್ಲಿ 1986ರವರೆಗೂ ಕಲ್ಲಿದ್ದಲು ಗಣಿಗೆ ಕ್ಯಾನರಿ ಒಯ್ತಾ ಇದ್ದಿದ್ದು ಇದಕ್ಕೇ ಅಲ್ವಾ, ವಿಷಗಾಳಿ ಅದಕ್ಕೆ ಮನುಷ್ಯನಿಗಿಂತ ಮುಂಚೆ ತಟ್ಟತ್ತೆ.

3. ಕಾಳು

ಅಂಗಡೀಲಿ ಕ್ಯಾನರಿ ಮಿಕ್ಸ್ ಅಂತ ಕೊಡೋದ್ರಲ್ಲಿ ಅರ್ಧಕ್ಕರ್ಧ ಸಜ್ಜೆ, ಕ್ಯಾನರಿ ಅದನ್ನ ಮೂಸೂ ನೋಡಲ್ಲ. ಕ್ಯಾನರಿ ಸೀಡನ್ನ ಬೇರೆ ತಗೊಳ್ಳಿ, ಜೊತೆಗೆ ನವಣೆ, ಸ್ವಲ್ಪ ಅಗಸೆ, ಸ್ವಲ್ಪ ಹುಚ್ಚೆಳ್ಳು. ಉತ್ತರ ಕರ್ನಾಟಕದವ್ರು ಗುರೆಳ್ಳು ಅಂತ ಚಟ್ನಿಪುಡಿ ಮಾಡ್ತಾರಲ್ಲ, ಅದೇ. ಅಮೆರಿಕದವ್ರು ನಮ್ಮ ದೇಶದಿಂದ ತರಿಸಿ ಹಿತ್ತಲ ಹಕ್ಕಿಗೆ ಹಾಕ್ತಾರೆ, ನಮಗೆ ಕಿರಾಣಿ ಅಂಗಡೀಲೇ ಸಿಗತ್ತೆ. ಎಣ್ಣೆ ಜಾಸ್ತಿ, ಹಾಗಾಗಿ ಚಿಟಿಕೆ ಅಷ್ಟೇ. ಕಾಳು ಹಳೇದಾ ಹೊಸದಾ ತಿಳಿಯೋಕೆ 10 ಕಾಳು ಒದ್ದೆ ಬಟ್ಟೇಲಿ ಸುತ್ತಿ ಮೂರು ದಿನ ಬಿಡಿ, ಏಳೆಂಟಾದ್ರೂ ಮೊಳೀಬೇಕು, ಇಲ್ಲಾಂದ್ರೆ ವಾಪಸ್ ಕೊಡಿ. ಪಂಜರಕ್ಕೆ ಒಂದು ತುಂಡು ಸಮುದ್ರ ನೊರೆ (ಕಟಲ್‌ಫಿಶ್ ಅನ್ನೋ ಸಮುದ್ರ ಜೀವಿಯ ಬಿಳಿ ಮೂಳೆ) ಸಿಕ್ಕಿಸಿ, ಸುಣ್ಣದಂಶಕ್ಕೆ. ಸೊಪ್ಪು ಚೆನ್ನಾಗಿ ತೊಳೆದು ಹಾಕಿ.

4. ಬೆಳಕು

ಇದನ್ನ ಯಾರೂ ಹೇಳಲ್ಲ. ಕ್ಯಾನರಿಗೆ ಮರಿ ಮಾಡೋ ಹದ ಬರೋದು ಹಗಲು ಉದ್ದ ಆಗ್ತಿದೆ ಅಂತ ಅದಕ್ಕೆ ಗೊತ್ತಾದಾಗ. ಲಂಡನ್ನಲ್ಲಿ ಚಳಿಗಾಲದ ಹಗಲು 8 ಗಂಟೆ, ಬೇಸಿಗೇಲಿ 16 ದಾಟತ್ತೆ, ಹಕ್ಕಿಗೆ ತಾನಾಗೇ ತಿಳಿಯತ್ತೆ. ಬೆಂಗಳೂರಲ್ಲಿ ಡಿಸೆಂಬರಲ್ಲಿ ಹನ್ನೊಂದೂವರೆ ಗಂಟೆ ಹತ್ರ, ಜೂನಲ್ಲಿ 13ರ ಹತ್ರ, ಅಷ್ಟೇ ವ್ಯತ್ಯಾಸ. ಹಾಗಾಗಿ ಇಲ್ಲಿ ಗಂಡು ಒಂದು ತಿಂಗಳಲ್ಲಿ ಹದಕ್ಕೆ ಬಂದ್ರೆ ಹೆಣ್ಣು ಇನ್ನೊಂದು ತಿಂಗಳಲ್ಲಿ. ಒಂದು ಟೈಮರ್ ಪ್ಲಗ್, ಒಂದು ಟ್ಯೂಬ್‌ಲೈಟ್ ಹಾಕಿ, ನವೆಂಬರ್ ಕೊನೆಯಿಂದ ವಾರಕ್ಕೆ ಅರ್ಧ ಗಂಟೆ ಹೆಚ್ಚಿಸ್ತಾ ಹೋಗಿ 14 ಗಂಟೆಗೆ ನಿಲ್ಲಿಸಿ. ಬೆಳಗಿನ ಕಡೆ ಹೆಚ್ಚಿಸಿ, ರಾತ್ರಿ ಕಡೆ ಬೇಡ. ಜೊತೆಗೊಂದು ಸಣ್ಣ ಜೀರೋ ಬಲ್ಬನ್ನ ಯುಪಿಎಸ್‌ಗೆ ಕೊಡಿ, ಸಂಜೆ ಕರೆಂಟ್ ಹೋಗಿ ದಿಢೀರ್ ಕತ್ತಲಾದ್ರೆ ಗೂಡಿಂದ ಎದ್ದಿರೋ ಹೆಣ್ಣು ವಾಪಸ್ ಹೋಗೋಕೆ ದಾರಿ ಕಾಣ್ದೆ ತಂತಿಗೆ ಜೋತ್ಕೊಂಡು ರಾತ್ರಿ ಕಳೀತದೆ, ಬೆಳಗ್ಗೆ ಮೊಟ್ಟೆ ತಣ್ಣಗೆ.

5. ಜೋಡಿ ಹಾಕೋದು (ಇಲ್ಲಿ ನಿಧಾನವಾಗಿ ಓದಿ)

ತಂತಿ ಪಾರ್ಟಿಷನ್ ಹಾಕಿ, ಒಂದು ಕಡೆ ಗಂಡು, ಒಂದು ಕಡೆ ಹೆಣ್ಣು. ಹೆಣ್ಣಿನ ಕಡೆ ಗೂಡಿನ ಬಟ್ಟಲು, 10 ಸೆಂಟಿಮೀಟರ್ ಅಗಲದ್ದು ಸಾಕು. ಇನ್ನು ಕಾಯೋದು. ವಾರ ಆಗಬಹುದು, ಮೂರು ವಾರವೂ ಆಗಬಹುದು.

ಗಂಡು ಹದಕ್ಕೆ ಬರೋದು ಸುಲಭವಾಗಿ ಗೊತ್ತಾಗತ್ತೆ, ರೆಕ್ಕೆ ಇಳಿಬಿಟ್ಟು ಕೋಲಿನ ಮೇಲೆ ಕುಣೀತಾ ಗಂಟಲು ಹರಿಯೋ ಹಾಗೆ ಹಾಡ್ತಾನೆ. ಜನ ಎಡವೋದು ಇಲ್ಲೇ, ಅವನು ಹಾಡಿದ ಕೂಡ್ಲೇ ತಂತಿ ತೆಗೀತಾರೆ. ಅವನನ್ನ ನೋಡ್ಬೇಡಿ ಸ್ವಾಮಿ, ಅವಳನ್ನ ನೋಡಿ. ಮೊದ್ಲು ಸುಮ್ನೆ ಆ ಕಡೆ ಈ ಕಡೆ ಹಾರಾಡ್ತಾಳೆ. ಆಮೇಲೆ ಕೆಳಗೆ ಹಾಸಿರೋ ಪೇಪರ್ ಹರಿಯೋಕೆ ಶುರು. ಹರಿದ ಚೂರು ಬಾಯಲ್ಲಿ ಇಟ್ಕೊಂಡು ಎಲ್ಲಿಡ್ಲಿ ಅಂತ ಗೊತ್ತಾಗ್ದೇ ಇಡೀ ದಿನ ಓಡಾಡ್ತಾಳೆ. ಆಗ ಗೋಣಿಚೀಲದ ನಾರನ್ನ ಎರಡು ಇಂಚಿಗೆ ಕತ್ತರಿಸಿ ಕೊಡಿ. ಉದ್ದ ದಾರ, ಹತ್ತಿ ನೂಲು ಬೇಡ, ಉಗುರಿಗೆ ಸುತ್ಕೊಂಡು ಕಾಲೇ ಹೋಗತ್ತೆ. ತೆಂಗಿನ ನಾರು ಒರಟು. ಪ್ಯಾಕೆಟಲ್ಲಿ ಬರೋ ಬಣ್ಣದ ಹತ್ತಿ ಅಂತೂ ದಂಡ. ಮೊದಲ ದಿನ ನಾರು ತಗೊಂಡು ಹೋಗಿ ಬಟ್ಟಲಿಗೆ ಹಾಕ್ತಾಳೆ, ಸಂಜೆ ಎಲ್ಲಾ ಕಿತ್ತು ಕೆಳಗೆ ಬಿಸಾಕ್ತಾಳೆ. ಇನ್ನೂ ಆಗಿಲ್ಲ ಅಂತ ಅರ್ಥ, ಬಿಡಿ. ಯಾವತ್ತು ಬಟ್ಟಲಲ್ಲಿ ಕೂತು ಎದೆ ಒತ್ತಿ ಒತ್ತಿ ದುಂಡಗೆ ಮಾಡ್ತಾಳೋ, ಗಂಡು ತಂತಿ ಸಂದಿಯಿಂದ ಗುಟುಕು ಕೊಟ್ರೆ ಮರಿ ಹಾಗೆ ಬಾಯಿ ತೆರೆದು ತಗೊಳ್ತಾಳೋ, ಅವನು ಹಾಡಿದಾಗ ಕೋಲಿನ ಮೇಲೆ ಬಗ್ಗಿ ಬಾಲ ಎತ್ತಿ ಕೂರ್ತಾಳೋ, ಅವತ್ತು. ಈ ಮೂರೂ ಆಗ್ಬೇಕು. ಎರಡಾದ್ರೆ ಇನ್ನೆರಡು ದಿನ ತಡೀರಿ.

ತಂತಿ ತೆಗೆಯೋದು ಬೆಳಗ್ಗೆ, ರಜೆ ದಿನ, ನೀವು ಮನೇಲಿ ಇರೋವಾಗ. ಸ್ವಲ್ಪ ಅಟ್ಟಾಡಿಸೋದು, ಬೈದಾಡೋದು ಇರತ್ತೆ, ಹೆದರ್ಬೇಡಿ. ಪುಕ್ಕ ಹಾರಿದ್ರೆ, ಅಥವಾ ಒಂದು ಮೂಲೇಲಿ ಮುದುರಿ ಕೂತ್ರೆ ತಕ್ಷಣ ತಂತಿ ಹಾಕಿ, ಮೂರು ದಿನ ಬಿಟ್ಟು ಮತ್ತೆ ನೋಡಿ. ನಾನು ಮೊದಲ ವರ್ಷ ಶುಕ್ರವಾರ ಸಂಜೆ ಒಟ್ಟಿಗೆ ಬಿಟ್ಟು ಮದುವೆಗೆ ಅಂತ ಹಾಸನಕ್ಕೆ ಹೋದೆ, ಭಾನುವಾರ ಬಂದ್ರೆ ಗಂಡಿನ ಕಣ್ಣಿನ ಸುತ್ತ ರಕ್ತ. ಹೌದು, ಹೆಣ್ಣೇ ಹೊಡೆದಿದ್ದು.

ಗ್ಲಾಸ್ಟರ್ ಥರ ಪುಕ್ಕ ದಪ್ಪ ಇರೋದಾದ್ರೆ ಜೋಡಿ ಹಾಕೋ ಮುಂಚೆ ಎರಡಕ್ಕೂ ಗುದದ ಸುತ್ತಲಿನ ಪುಕ್ಕ ಸಣ್ಣ ಕತ್ತರೀಲಿ ಟ್ರಿಮ್ ಮಾಡಿ. ಜೊಳ್ಳು ಮೊಟ್ಟೆಗೆ ಎಷ್ಟೋ ಸಲ ಕಾರಣ ಇಷ್ಟೇ, ಜನ ವಿಟಮಿನ್ ಬಾಟಲಿಗೆ ದುಡ್ಡು ಸುರೀತಾರೆ. ಕತ್ತರಿಸೋವಾಗ ಬಾಲದ ಬುಡದ ಗಟ್ಟಿ ಪುಕ್ಕ ಮುಟ್ಬೇಡಿ.

6. ಮೊಟ್ಟೆ ಬದಲಾಯಿಸೋದು

ಹೆಣ್ಣು ದಿನಕ್ಕೊಂದರಂತೆ, ಬೆಳಗಿನ ಜಾವ ಇಡೋದು, ಒಟ್ಟು 4 ಇಲ್ಲಾ 5. ತಿಳಿ ನೀಲಿ ಮೇಲೆ ಕಂದು ಚುಕ್ಕಿ. ಮೊದಲನೇದಕ್ಕೇ ಕಾವು ಕೂತ್ರೆ ಮರಿಗಳು ದಿನಕ್ಕೊಂದು ಒಡೀತವೆ, ಮೊದಲನೇದು ಮೂರು ದಿನ ದೊಡ್ಡದಾಗಿರತ್ತೆ, ಕೊನೇದು ಅದರ ಕಾಲಡಿ ಸಿಕ್ಕಿ ಹೋಗತ್ತೆ. ಅದಕ್ಕೆ ಪ್ಲಾಸ್ಟಿಕ್ ಮೊಟ್ಟೆ ಬೇಕು. ಬೆಳಗ್ಗೆ ಒಂದು ಚಮಚದಲ್ಲಿ ನಿಜವಾದ್ದು ತೆಗೆದು ಪ್ಲಾಸ್ಟಿಕ್‌ದು ಇಡಿ. ಕೈಯಲ್ಲಿ ಎತ್ತೋಕೆ ಹೋಗ್ಬೇಡಿ, ಒತ್ತಿದ್ದೇ ಗೊತ್ತಾಗಲ್ಲ, ಬಿರುಕು ಬಿಟ್ಟಿರತ್ತೆ. ತೆಗೆದಿದ್ದನ್ನ ನವಣೆ ತುಂಬಿದ ಬಟ್ಟಲಲ್ಲಿ ಮಲಗಿಸಿ, ತಂಪಾದ ಮೂಲೇಲಿ ಇಟ್ಟು ದಿನಕ್ಕೆರಡು ಸಲ ತಿರುಗಿಸಿ. ಫ್ರಿಜ್ಜಲ್ಲಿ ಇಡಬೇಡಿ, ಕೇಳಿದವ್ರಿದ್ದಾರೆ ಅದಕ್ಕೆ ಬರೀತಿದೀನಿ. ನಾಲ್ಕನೇ ಮೊಟ್ಟೆ ದಿನ ಎಲ್ಲಾ ವಾಪಸ್ ಇಡಿ, ಕ್ಯಾಲೆಂಡರಲ್ಲಿ ಗುರುತು ಹಾಕಿ. 13, 14ನೇ ದಿನ ಮರಿ. ಏಳನೇ ದಿನ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರೆ ಒಳಗೆ ಕೆಂಪು ನರ ಕಾಣತ್ತೆ, ಬರೀ ಹಳದಿ ಇದ್ರೆ ಜೊಳ್ಳು.

7. ಮರಿ

ಮೊದಲ ಐದು ದಿನ ಬೆಳಗ್ಗೆ ಲೈಟ್ ಹತ್ತಿದ ಕೂಡ್ಲೇ ತಾಯಿ ಮುಂದೆ ಎಗ್ ಫುಡ್ ಇರ್ಬೇಕು. ಒಂದು ಬೇಯಿಸಿದ ಮೊಟ್ಟೆ, ಮೂರು ಚಮಚ ರಸ್ಕ್ ಪುಡಿ, ಕೈಯಲ್ಲಿ ಉದುರು ಉದುರಾಗಿ ಕಲಸಿ, ಅಷ್ಟೇ. ಹಳದಿ ಬಣ್ಣದ ಸಿಹಿ ಪ್ಯಾಕೆಟ್ಟು ತರೋದು ನಿಮ್ಮ ಸೋಮಾರಿತನಕ್ಕೆ, ಹಕ್ಕಿಗಲ್ಲ. ಮೂರು ಗಂಟೆಗೊಂದು ಸಲ ಹೊಸದು ಹಾಕಿ, ನಮ್ಮ ಫೆಬ್ರವರಿ ಬಿಸಿಲಿಗೆ ಬೇಗ ಹುಳಿ ಬರತ್ತೆ. ಮರಿ ಕತ್ತಿನ ಪಕ್ಕದಲ್ಲಿ ಚರ್ಮದ ಒಳಗೆ ಹಳದಿ ಚೀಲ ತುಂಬಿ ಕಂಡ್ರೆ ತಾಯಿ ಉಣಿಸ್ತಿದಾಳೆ ಅಂತ.

ಶೋಗೆ ಒಯ್ಯೋ ಆಸೆ ಇದ್ರೆ ಆರನೇ ದಿನ ಸಂಜೆ ಕಾಲಿಗೆ ಮುಚ್ಚಿದ ರಿಂಗ್ (ಬಿಚ್ಚೋಕಾಗದ ಗುರುತಿನ ಬಳೆ) ಹಾಕಿ, ಆಮೇಲೆ ಪಾದ ದೊಡ್ಡದಾಗಿ ತೂರಲ್ಲ. ಸಂಜೆ ಯಾಕೆ ಅಂದ್ರೆ, ಬೆಳಕಲ್ಲಿ ಹೊಳೆಯೋ ರಿಂಗನ್ನ ಹಿಕ್ಕೆ ಅಂದ್ಕೊಂಡು ತಾಯಿ ಕಚ್ಚಿ ಎಳೆದು ಮರಿ ಸಮೇತ ಹೊರಗೆ ಎಸೀತಾಳೆ. 18 ದಿನಕ್ಕೆ ಗೂಡು ಬಿಡ್ತವೆ, 30ಕ್ಕೆ ತಾವೇ ತಿಂತವೆ. ಅಷ್ಟರಲ್ಲಿ ತಾಯಿ ಎರಡನೇ ಗೂಡಿಗೆ ರೆಡಿಯಾಗಿ ಮರಿಗಳ ಪುಕ್ಕಾನೇ ಕೀಳೋಕೆ ಶುರು ಮಾಡಿದ್ರೆ ತಂತಿ ಹಾಕಿ, ಅಪ್ಪ ಆ ಕಡೆಯಿಂದ ಉಣಿಸ್ತಾನೆ. ವರ್ಷಕ್ಕೆ ಎರಡು ಸಲ ಸಾಕು, ಮೂರನೇದಕ್ಕೆ ಬಟ್ಟಲೇ ತೆಗೆದಿಡಿ.

ಮರಿ ಏಕೋ ಬಿಳುಚಿಕೊಂಡಿದೆ ಅನ್ಸಿದ್ರೆ ರಾತ್ರಿ ಕೋಲಿನ ತುದಿ ಬಿಚ್ಚಿ ಬಿಳಿ ಬಟ್ಟೇಲಿ ಒರೆಸಿ. ಕೆಂಪು ಚುಕ್ಕಿ ಬಂದ್ರೆ ರೆಡ್ ಮೈಟ್ ನುಸಿ. ಹಗಲು ಸಂದಿಯಲ್ಲಿದ್ದು ರಾತ್ರಿ ಬಂದು ರಕ್ತ ಹೀರತ್ತೆ. ಕುದಿಯೋ ನೀರು ಸುರಿದು ಪಂಜರ ತೊಳೀರಿ, ಹಕ್ಕಿಗೆ ಹಾಕೋ ಔಷಧಿ ಮಾತ್ರ ಡಾಕ್ಟರ್ ಕೇಳಿ, ಜಿರಳೆ ಸ್ಪ್ರೇ ಹೊಡೆದು ಹಕ್ಕೀನೂ ಸಾಯಿಸಿದ ಪುಣ್ಯಾತ್ಮರನ್ನ ನೋಡಿದೀನಿ.

8. ಶೋ

ಪುಕ್ಕ ಉದುರಿ ಹೊಸದು ಬಂದ ಮೇಲೇನೇ ಶೋ. ಯುರೋಪಲ್ಲಿ ವಿಶ್ವ ಸ್ಪರ್ಧೆ ನಡೆಯೋದೂ ಜನವರೀಲಿ. ಕೆಂಪು ಕ್ಯಾನರಿ ಸಾಕೋರು ಬಣ್ಣದ ಆಹಾರ ಕೊಡೋದು ಪುಕ್ಕ ಬೆಳೆಯೋವಾಗ ಮಾತ್ರ, ಬೆಳೆದ ಪುಕ್ಕಕ್ಕೆ ಏನು ಕೊಟ್ರೂ ಬಣ್ಣ ಏರಲ್ಲ. ಹಾಡೋ ಜಾತಿಗೆ ಬೇರೇನೇ ಲೆಕ್ಕ, ಜರ್ಮನಿಯ ಹಾರ್ಜ್ ಬೆಟ್ಟದ ಗಣಿ ಊರಿನವ್ರು ಬೆಳೆಸಿದ ರೋಲರ್ ಅನ್ನೋ ಜಾತಿ ಕೊಕ್ಕು ಮುಚ್ಕೊಂಡೇ ಹಾಡತ್ತೆ, ನಾಲ್ಕು ಹಕ್ಕಿ ಒಂದು ತಂಡವಾಗಿ ಜಡ್ಜ್ ಮುಂದೆ ಕೂರ್ತವೆ. ನಂಗೆ ರೋಲರ್ ಬೇಜಾರು, ಹಾಡಿದ್ದು ಪಕ್ಕದ ರೂಮಿಗೂ ಕೇಳಲ್ಲ.

ಟೋಪಿ ಹಕ್ಕಿಗೆ ಜಡ್ಜ್ ನೋಡೋದು ಟೋಪಿ ನಡುವಿನ ಬಿಂದುವಿಂದ ಸುತ್ತಲೂ ಒಂದೇ ಸಮ ಇಳಿದಿದ್ಯಾ, ಕಣ್ಣು ಕಾಣತ್ತಾ, ಮೈ ಗುಂಡಗೆ ಪುಟ್ಟಗಿದ್ಯಾ ಅಂತ. ಆದ್ರೆ ಹಕ್ಕಿ ಹೆದರಿ ಕೆಳಗೆ ಬಿದ್ದು ಹೊರಳಾಡಿದ್ರೆ ಟೋಪಿ ಎಷ್ಟು ಚಂದ ಇದ್ದೂ ಏನು. ಎರಡು ತಿಂಗಳ ಮುಂಚೆಯಿಂದ ದಿನಾ ಅರ್ಧ ಗಂಟೆ ಶೋ ಪಂಜರದಲ್ಲಿ ಬಿಡಿ, ಮನೇಲಿ ಟಿವಿ ನೋಡೋ ಜಾಗದಲ್ಲೇ ಇಡಿ, ಮಕ್ಕಳು ಓಡಾಡ್ಲಿ. ಕೈ ಹಾಕಿ ಹಿಡೀಬೇಡಿ, ಬಾಗಿಲಿಗೆ ಬಾಗಿಲು ತಾಗಿಸಿ ಒಂದು ಕಡ್ಡಿ ತೋರಿಸಿ ದಾಟಿಸಿ. ಹಿಂದಿನ ಮೂರು ದಿನ ಬರೀ ನೀರು ಸ್ಪ್ರೇ ಮಾಡಿ, ಶಾಂಪೂ ಗೀಂಪೂ ಬೇಡ. ಶೋ ಮುಗಿಸಿ ಬಂದ ಹಕ್ಕೀನ ಸೀದಾ ಹಳೇ ಜಾಗಕ್ಕೆ ಸೇರಿಸ್ಬೇಡಿ, ಮೂರು ವಾರ ಬೇರೆ ರೂಮಲ್ಲಿ ಇಡಿ, ಅದಕ್ಕೆ ಕಾಳು ನೀರು ಹಾಕೋದು ಮನೆಯ ಉಳಿದ ಹಕ್ಕಿಗಳಿಗೆಲ್ಲಾ ಹಾಕಿ ಮುಗಿದ ಮೇಲೆ.