ತಳಪಾಯ ಕುಸಿದಿದೆಯೇ? ಸರಿಯಾದ ಸ್ಟೀಲ್ ಪಿಯರ್ ಆರಿಸುವುದು ಹೀಗೆ

ಡಲ್ಲಾಸ್ ಸುತ್ತಮುತ್ತ ಮನೆ ಕೊಂಡ ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತಿರುವ ತಲೆನೋವು. ಬೇಸಿಗೆ ಕಳೆಯುವಷ್ಟರಲ್ಲಿ ಬಾಗಿಲು ಹಿಡಿದುಕೊಳ್ಳುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಅಲ್ಲಿಯ ಜೇಡಿ ಮಣ್ಣಿನ ಗುಣ ನಮ್ಮ ಗದಗ, ಧಾರವಾಡದ ಎರೆ ಮಣ್ಣಿನದ್ದೇ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ, ಮೇಲಿನ ತಳಪಾಯ ಕುಸಿಯುತ್ತದೆ. ಆಗ ಜನ, ತಳಪಾಯದಡಿ ಆಳಕ್ಕೆ ಇಳಿಸಿ ಮನೆಯನ್ನು ಹೊರುವ ಕಂಬ, ಅಂದರೆ ಪಿಯರ್, ಹಾಕುವ ಒಂದಷ್ಟು ಕಂಪನಿಗಳನ್ನು ಕರೆದು, ಒಂದು ಪಿಯರ್‌ಗೆ ಎಷ್ಟು ಡಾಲರ್ ಅಂತ ಕೇಳಿ, ಕಡಿಮೆ ಹೇಳಿದವರಿಗೆ ಕೆಲಸ ಕೊಟ್ಟುಬಿಡುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಮೊದಲು, ಪಿಯರ್ ಮಾರದ ಸ್ವತಂತ್ರ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ಮನೆ ತೋರಿಸಿ. ನೆಲ ಎಲ್ಲಿ ಎಷ್ಟು ಇಳಿದಿದೆ ಎಂಬ ನಕ್ಷೆ ಕೇಳಿ ಪಡೆಯಿರಿ. ‘ಉಚಿತ ಪರೀಕ್ಷೆ’ಗೆ ಬರುವವರು ಸಾಮಾನ್ಯವಾಗಿ ಮಾರಾಟದವರು.

ಆಮೇಲೆ ಪಿಯರ್‌ನ ಜಾತಿ. ಪುಶ್ ಪಿಯರ್ ಅಂದರೆ ಸುಮಾರು 3 ಇಂಚು ವ್ಯಾಸದ ಸ್ಟೀಲ್ ಕೊಳವೆಯ ತುಂಡುಗಳು. ಹೈಡ್ರಾಲಿಕ್ ಜಾಕ್‌ನಿಂದ ಒಂದರ ಮೇಲೊಂದು ಒತ್ತಿ ಇಳಿಸುತ್ತಾರೆ. ಒತ್ತುವಾಗ ಎದುರಿಗೆ ಆಧಾರವಾಗುವುದು ನಿಮ್ಮ ಮನೆಯ ಭಾರವೇ. ಹೆಲಿಕಲ್ ಪಿಯರ್ ಬೇರೆ, ಅದರ ದಂಡಕ್ಕೆ 8, 10, 12 ಇಂಚಿನ ಸುರುಳಿ ತಟ್ಟೆಗಳಿರುತ್ತವೆ, ಸ್ಕ್ರೂ ಥರ ತಿರುಗಿಸಿ ಇಳಿಸುತ್ತಾರೆ, ಮನೆಯ ಭಾರ ಬೇಕಿಲ್ಲ. ಇದು ಹೊಸದಲ್ಲ, ಐರ್ಲೆಂಡಿನ ಇಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲೇ ಸ್ಕ್ರೂ ಪೈಲ್‌ಗೆ ಪೇಟೆಂಟ್ ಪಡೆದಿದ್ದರು. ನನ್ನ ಮಾತು ಕೇಳುವುದಾದರೆ, ಎರಡಂತಸ್ತಿನ ಇಟ್ಟಿಗೆ ಹೊದಿಕೆಯ ಮನೆಗೆ ಪುಶ್, ಒಂದಂತಸ್ತಿನ ಹಗುರ ಮನೆ, ವರಾಂಡಗಳಿಗೆ ಹೆಲಿಕಲ್. ಹಗುರ ಮನೆಗೆ ಪುಶ್ ಹಾಕಿದರೆ ಕೊಳವೆ ಸಾಕಷ್ಟು ಆಳಕ್ಕೆ ಇಳಿಯುವ ಮೊದಲೇ ಮನೆ ಮೇಲೇಳತೊಡಗುತ್ತದೆ. ಸ್ಟೀಲ್ ಜೊತೆ ಕಾಂಕ್ರೀಟ್ ಸಿಲಿಂಡರ್ ಸೇರಿಸಿದ ಮಿಶ್ರ ಪಿಯರನ್ನು ‘ಸ್ಟೀಲ್’ ಅಂತಲೇ ಮಾರುವವರೂ ಇರಬಹುದು, ತುದಿಯವರೆಗೂ ಏನಿದೆ ಅಂತ ಬರವಣಿಗೆಯಲ್ಲಿ ಕೇಳಿ. ಪಿಯರನ್ನು ತಳಪಾಯಕ್ಕೆ ಸೇರಿಸುವ ಬ್ರಾಕೆಟ್ ಬರೀ ಬಣ್ಣ ಬಳಿದದ್ದು ಬೇಡವೇ ಬೇಡ, ಗ್ಯಾಲ್ವನೈಸ್ (ತುಕ್ಕು ತಡೆಯುವ ಸತುವಿನ ಲೇಪ) ಆಗಿರಲಿ.

ಈಗ ಎಲ್ಲರೂ ಎಡವುವ ಜಾಗ: ಪಿಯರ್ ಇಳಿಸುವುದನ್ನು ಎಷ್ಟು ಆಳದಲ್ಲಿ ನಿಲ್ಲಿಸಬೇಕು? ಕೆಲಸದವರು ‘ಇನ್ನು ಇಳಿಯಲ್ಲ, ಗಟ್ಟಿ ಸಿಕ್ಕಿತು’ ಅಂತಾರೆ. ಆಗಸ್ಟ್‌ನಲ್ಲಿ ಅಲ್ಲಿಯ ಬಿಸಿಲಿಗೆ ಒಣಗಿದ ಜೇಡಿಯೂ ಬಂಡೆಯಷ್ಟೇ ಗಟ್ಟಿ ಇರುತ್ತದೆ ಅಲ್ವಾ? ಮಳೆ ಬಂದು ಅದು ಮೆತ್ತಗಾದರೆ ಪಿಯರ್ ಮನೆಯ ಜೊತೆಗೇ ಕೂರುತ್ತದೆ. ಅದಕ್ಕೇ ಒತ್ತಡ ಒಂದೇ ಸಾಲದು, ಮಳೆ-ಬಿಸಿಲಿಗೆ ಉಬ್ಬಿ ಕುಗ್ಗುವ ಪದರವನ್ನು ದಾಟಿದ ಕನಿಷ್ಠ ಆಳವೂ ಬೇಕು. ಎರಡನ್ನೂ ಇಂಜಿನಿಯರ್ ಹತ್ತಿರ ಬರೆಸಿ ಒಪ್ಪಂದಕ್ಕೆ ಸೇರಿಸಿ. ಪ್ರತಿ ಪಿಯರ್‌ನ ಆಳ, ಒತ್ತಡ ಅಥವಾ ಟಾರ್ಕ್ (ತಿರುಗಿಸಲು ಬೇಕಾದ ಬಲ) ಬರೆದ ಪಟ್ಟಿ ಅದೇ ದಿನ ನಿಮ್ಮ ಕೈಗೆ ಬರಬೇಕು. ಹೆಲಿಕಲ್‌ಗೆ ಲೆಕ್ಕ ನೀವೇ ಹಾಕಬಹುದು: ಒಂದೂವರೆ ಇಂಚಿನ ಚೌಕ ದಂಡಕ್ಕೆ ಟಾರ್ಕ್ ಅನ್ನು 10ರಿಂದ ಗುಣಿಸಿ, ಬರುವುದು ಆ ಪಿಯರ್ ಹೊರಬಲ್ಲ ಭಾರ. 4,000 ಫುಟ್-ಪೌಂಡ್ ಅಂದರೆ 40,000 ಪೌಂಡ್, ಸುರಕ್ಷತೆಗೆ ಅರ್ಧ ಮಾಡಿದರೆ 20,000. ದಪ್ಪ ಕೊಳವೆ ದಂಡಕ್ಕೆ 10 ಅಲ್ಲ, ಮೂರೂವರೆ ಇಂಚಿನದಕ್ಕೆ 7. ಎಲ್ಲಾ ಪಿಯರ್‌ಗೂ ಒಂದೇ ಅಂಕಿ ಬರೆದಿದ್ದರೆ ಅದು ಅಳೆದಿದ್ದಲ್ಲ, ಸುಮ್ನೆ ತುಂಬಿಸಿದ್ದು.

ಬ್ರಾಕೆಟ್ ಕೂರಿಸುವಾಗ ತಳಪಾಯದ ಬೀಮಿನ ತಳಕ್ಕೆ ಅಂಟಿದ ಮಣ್ಣು ಕೆರೆದು ಸಮ ಮಾಡಿಸಿ. ಪೋಸ್ಟ್-ಟೆನ್ಷನ್ ಸ್ಲ್ಯಾಬ್ (ಒಳಗೆ ಬಿಗಿದೆಳೆದ ಸ್ಟೀಲ್ ಕೇಬಲ್ ಇರುವ ಕಾಂಕ್ರೀಟ್ ನೆಲ) ಆದರೆ ಕೇಬಲ್ ಎಲ್ಲಿದೆ ಅಂತ ನೋಡದೆ ಕೊರೆಯಲು ಬಿಡಬೇಡಿ.

ಎತ್ತುವುದು ಎಲ್ಲಾ ಜಾಕ್ ಒಟ್ಟಿಗೆ, ನಿಧಾನಕ್ಕೆ. ನೆಲ ಪೂರ್ತಿ ಸಮವಾಗಲೇಬೇಕು ಅಂತ ಹಟ ಹಿಡಿಯಬೇಡಿ, ಜಾಸ್ತಿ ಎತ್ತಿದರೆ ಹೊಸ ಜಾಗದಲ್ಲಿ ಬಿರುಕು. ಮುಗಿದ ಮೇಲೆ ಸ್ಲ್ಯಾಬ್ ಕೆಳಗಿನ ಚರಂಡಿ ಪೈಪು ಸೋರುತ್ತಿದೆಯೇ ಅಂತ ಪ್ಲಂಬರ್‌ನಿಂದ ಪರೀಕ್ಷೆ ಮಾಡಿಸಿ, ಹಳೆಯ ಬೀಡು ಕಬ್ಬಿಣದ ಪೈಪಿದ್ದರಂತೂ ತಪ್ಪಿಸಬೇಡಿ. ಆ ವರದಿ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.